ಕೈ ಎತ್ತಿದರೆ ಬೆಳಕು

ಮೊನ್ನೆ ಏನೋ ಕೆಲಸದ ಮೇಲೆ ಲಂಡನ್ನಿನ ಬ್ಯಾಂಕುಗಳ ಪೇಟೆ ಕ್ಯಾನರಿ ವಾರ್ಫಿಗೆ ಹೋಗಿದ್ದವನು, ಅಲ್ಲಿನ ಮುಗಿಲು ಮುಟ್ಟುವ ಕಟ್ಟಡವೊಂದರ ಶೌಚಾಲಯದಲ್ಲಿ ಕೈ ತೊಳೆಯುತ್ತ ನಿಂತಿದ್ದೆ. ಫಕ್ಕನೆ ದೀಪ ಹೋಯಿತು. ಹೋಗಿದ್ದೇ ತಡ, ನನ್ನ ಎರಡೂ ಕೈಗಳು ನನ್ನನ್ನು ಒಂದು ಮಾತೂ ಕೇಳದೆ ತಲೆಯ ಮೇಲಕ್ಕೆ ಏರಿ, ಜೋಳದ ಹೊಲದಲ್ಲಿ ಹಕ್ಕಿ ಓಡಿಸುವವರ ಹಾಗೆ ಗಾಳಿಯಲ್ಲಿ ಬೀಸತೊಡಗಿದವು. ಮರುಕ್ಷಣ ದೀಪ ಬಂತು. ಪಕ್ಕದ ಬೇಸಿನ್ನಿನ ಮುಂದೆ ಸೂಟು ತೊಟ್ಟ ತರುಣನೊಬ್ಬ ನನ್ನನ್ನೇ ನೋಡುತ್ತಿದ್ದ. ನನ್ನ ಕೈಯಿಂದ ಹಾರಿದ ಸೋಪಿನ ನೊರೆ ಅವನ ಟೈ ಮೇಲೆ ಕೂತಿತ್ತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ. ನನ್ನನ್ನು ಒಂದು ಗಳಿಗೆ ನೋಡಿ, ತಾನೂ ಮೆಲ್ಲಗೆ ಎರಡೂ ಕೈ ಮೇಲೆತ್ತಿದ. ದರೋಡೆ ಎಂದುಕೊಂಡನೋ, ಬ್ಯಾಂಕಿನವರ ಸೌಜನ್ಯವೇ ಹಾಗೋ ತಿಳಿಯಲಿಲ್ಲ. ಇಬ್ಬರೂ ಹಾಗೇ ಕೈ ಎತ್ತಿಕೊಂಡು ಒಬ್ಬರಿಗೊಬ್ಬರು ಗುಡ್ ಮಾರ್ನಿಂಗ್ ಹೇಳಿಕೊಂಡೆವು. ಆ ಶೌಚಾಲಯದಲ್ಲಿ ಕೈ ಆಡಿಸಿದರೆ ಹೊತ್ತುವ ದೀಪವೇ ಇರಲಿಲ್ಲ, ಯಾವುದೋ ತಂತಿ ಸಡಿಲಾಗಿ ಒಮ್ಮೆ ಕಣ್ಣು ಮಿಟುಕಿಸಿತ್ತಷ್ಟೆ ಎಂದು ಆಮೇಲೆ ತಿಳಿಯಿತು.

ಇದನ್ನು ನೀವು ಚಟ ಎನ್ನಿ, ರೋಗ ಎನ್ನಿ, ನನ್ನದೇನೂ ಅಭ್ಯಂತರವಿಲ್ಲ. ಕತ್ತಲಾದರೆ ಕೈ ಎತ್ತುವ ಈ ವ್ಯಾಧಿ ನನಗೊಬ್ಬನಿಗೇ ಅಂಟಿದ್ದಲ್ಲ, ಒಂದು ಕಾಲದಲ್ಲಿ ಪೂರ್ವ ಲಂಡನ್ನಿನ ನಮ್ಮ ಪೈಕಿಯ ಕನ್ನಡದ ಮನೆಗಳಿಗೆಲ್ಲ ಅಂಟಿತ್ತು. ಅದರ ಮೂಲಸ್ಥಾನ ಇಲ್‌ಫರ್ಡಿನ ನಮ್ಮ ಮನೆ. ಕಾಲ, ತೊಂಬತ್ತರ ದಶಕದ ಕೊನೆ. ಮೂಲಪುರುಷ ನಾನೇ. ನನ್ನ ಪರಿಚಯ ಇಷ್ಟೆ: ಧಾರವಾಡದವನು, ಇಲ್ಲಿಯ ಸರಕಾರಿ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ವೈದ್ಯ. ಆಪರೇಶನ್ನಿಗೆ ಮೊದಲು ಜನರನ್ನು ನಿದ್ದೆಗೆ ಕಳಿಸುವುದು, ಮುಗಿದ ಮೇಲೆ ಕರೆದು ತರುವುದು ನನ್ನ ವೃತ್ತಿ. ಮನೆಯಲ್ಲಿ ಬರೀ ಮಾತಾಡಿ ಅದೇ ಕೆಲಸ ಮಾಡುತ್ತೇನೆ, ಕರೆದು ತರುವುದನ್ನು ಮಾತ್ರ ಮರೆಯುತ್ತೇನೆ ಎಂಬುದು ನನ್ನ ಹೆಂಡತಿ ಮಾಲತಿಯ ದೂರು.

ದೀಪ ಉಳಿಸುವ ಹುಚ್ಚು ನನಗೆ ರಕ್ತದಲ್ಲೇ ಬಂದದ್ದು. ನನ್ನ ಅಪ್ಪ ಧಾರವಾಡದ ಹೈಸ್ಕೂಲೊಂದರಲ್ಲಿ ಗಣಿತದ ಮಾಸ್ತರರು. ಅಡುಗೆಮನೆಗೂ ಬಚ್ಚಲಮನೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಕೊರೆಸಿ, ಅದರಲ್ಲಿ ಒಂದೇ ಬಲ್ಬು ಕೂಡಿಸಿದ್ದರು. ಆ ಕಡೆ ಸಾರಿಗೆ ಒಗ್ಗರಣೆ, ಈ ಕಡೆ ನಮಗೆ ಸ್ನಾನ, ಎರಡಕ್ಕೂ ಅದೇ ಬೆಳಕು. ಒಗ್ಗರಣೆ ಮುಗಿದರೆ ನಮ್ಮ ಸ್ನಾನವೂ ಮುಗಿಯಬೇಕು. ತಲೆಗೆ ಸೀಗೆಪುಡಿ ಹಚ್ಚಿಕೊಂಡು ಕಣ್ಣು ಬಿಗಿದು ಕೂತಾಗ ಅವ್ವ ಆ ಕಡೆಯಿಂದ ಇನ್ನೊಂದು ಪಲ್ಯಕ್ಕೆ ಸಾಸಿವೆ ಹಾಕಿದ ಸದ್ದು ಕೇಳಿದರೆ ಎಷ್ಟು ಸಮಾಧಾನವಾಗುತ್ತಿತ್ತು ಎಂಬುದು ಅನುಭವಿಸಿದವರಿಗೇ ಗೊತ್ತು. ಸಂಜೆ ನಾವು ಅಣ್ಣತಮ್ಮಂದಿರು ಬೇರೆಬೇರೆ ಕೋಣೆಯಲ್ಲಿ ಓದುತ್ತ ಕೂತರೆ ಅಪ್ಪನಿಗೆ ತಡೆಯುತ್ತಿರಲಿಲ್ಲ. ಒಂದೊಂದೇ ಸ್ವಿಚ್ಚು ಆರಿಸುತ್ತ ಬಂದು, ಎಲ್ಲರನ್ನೂ ಪಡಸಾಲೆಯ ಒಂದು ಬಲ್ಬಿನ ಕೆಳಗೆ ಗುಡ್ಡೆ ಹಾಕಿ, "ಬೆಳಕು ಇದ್ದಲ್ಲೆ ನೀವು ಹೋಗ್ರಿ. ನೀವಿದ್ದಲ್ಲೆ ಬೆಳಕು ಬರಬೇಕಂದ್ರ ನೀವೇನು ಮಹಾರಾಜರೇನು?" ಎನ್ನುತ್ತಿದ್ದರು.

ನೋಡಿ, ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಲಂಡನ್ನಿಗೆ ಬಂದು, ಸಾಲುಮನೆಗಳ ಬೀದಿಯಲ್ಲಿ ನಮ್ಮದೂ ಒಂದು ಮನೆ ಅಂತ ಆಗಿ, ಒಂದು ಶನಿವಾರ ಹಾರ್ಡ್‌ವೇರ್ ಅಂಗಡಿಯಲ್ಲಿ ನಲ್ಲಿಯ ವಾಷರ್ ಹುಡುಕುತ್ತಿದ್ದಾಗ, ಗೋಡೆಗೆ ಹಚ್ಚುವ ಒಂದು ಬಿಳಿ ಡಬ್ಬಿ ಕಣ್ಣಿಗೆ ಬಿತ್ತು. ಮನುಷ್ಯ ಕೋಣೆಗೆ ಬಂದರೆ ಅದರ ಸೆನ್ಸರ್ ಗುರುತು ಹಿಡಿದು ದೀಪ ಹಚ್ಚುತ್ತದೆ, ಹೋದರೆ ತಾನೇ ಆರಿಸುತ್ತದೆ. ಕರೆಂಟು ಪೋಲಾಗುವುದಿಲ್ಲ, ಮೇಲಾಗಿ ನಾನಿದ್ದಲ್ಲಿಗೇ ಬೆಳಕು ಬರುತ್ತದೆ. ಅಪ್ಪನ ಉಳಿತಾಯವೂ ಆಯಿತು, ಮಹಾರಾಜನೂ ಆದಂತಾಯಿತು. ವಾಷರ್ ಮರೆತು ಡಬ್ಬಿ ತಂದೆ. ಅಡುಗೆಮನೆಯ ನಲ್ಲಿ ಆ ವರ್ಷವೆಲ್ಲ ಸೋರಿತು.

ಒಂದು ತಂದವನು ಒಂದಕ್ಕೇ ನಿಲ್ಲುವುದುಂಟೆ? ಕತ್ತಲಾದೊಡನೆ ಹೊತ್ತುವ ಬಾಗಿಲ ದೀಪ ಬಂತು. ಹೊತ್ತು ನೋಡಿ ಟೇಬಲ್ ಲ್ಯಾಂಪು ಹಚ್ಚುವ ಟೈಮರ್ ಬಂತು. ಇಲ್ಲಿಯವರು ಅಕ್ಟೋಬರಿನಲ್ಲಿ ಗಡಿಯಾರ ಒಂದು ಗಂಟೆ ಹಿಂದಿಡುತ್ತಾರಲ್ಲ, ಅದು ಟೈಮರಿಗೆ ಗೊತ್ತಾಗದೆ ನಮ್ಮ ಲ್ಯಾಂಪು ಚಳಿಗಾಲವಿಡೀ ಬೇಸಗೆಯ ವೇಳೆಯನ್ನೇ ಪಾಲಿಸಿತು. ಕರೆಂಟಿನ ಕಂಪನಿಯವರು ಅಂಚೆಯಲ್ಲಿ ಪುಕ್ಕಟೆ ಕಳಿಸಿದ ಉಳಿತಾಯದ ಬಲ್ಬುಗಳನ್ನೂ ಹಾಕಿದೆ. ಅವು ಹೊತ್ತಿದ ಮೇಲೆ ಮೈ ಬಿಸಿಯಾಗಿ ಪೂರ್ತಿ ಬೆಳಕು ಕೊಡುವಷ್ಟರಲ್ಲಿ ಹುಡುಕುತ್ತಿದ್ದ ಚಪ್ಪಲಿ ಕಾಲಿಗೇ ಸಿಕ್ಕಿರುತ್ತಿತ್ತು. ಕೊನೆಗೆ ಹಾಲಿನಲ್ಲಿ, ಬಚ್ಚಲಲ್ಲಿ, ಓಣಿಯಂಥ ಪ್ಯಾಸೇಜಿನಲ್ಲಿ ಗೋಡೆಯ ಸ್ವಿಚ್ಚುಗಳನ್ನೇ ಕಿತ್ತು ಹಾಕಿ, ಆ ಜಾಗಕ್ಕೆ ಬೋಳು ಹಲಗೆ ಬಡಿದೆ. ಸ್ವಿಚ್ಚು ಇದ್ದರಲ್ಲವೆ ಆರಿಸಲು ಮರೆಯುವುದು? ದೀಪ ಉರಿಯುವ ಅವಧಿಯನ್ನೂ ತಿರುಗಣಿ ತಿರುಗಿಸಿ ಆದಷ್ಟು ಕಡಿಮೆಗೆ ಇಟ್ಟೆ. ಮಾಲತಿ ಅಂದು ಬಚ್ಚಲಿಗೆ ಹೋದವಳು ಸ್ವಲ್ಪ ಹೊತ್ತಿಗೆ ಒಳಗಿನಿಂದಲೇ ಹೇಳಿದಳು: "ಗ್ವಾಡಿಗೆ ಡಬ್ಬಿ ಹಚ್ಚಿಲ್ರೀ ನೀವು, ನಿಮ್ಮಪ್ಪನ್ನ ತಂದು ಹಚ್ಚೀರಿ."

ಬಚ್ಚಲಿನ ಕಷ್ಟ ಎಲ್ಲರಿಗೂ ಒಂದೇ. ಟಬ್ಬಿನಲ್ಲಿ ಸ್ವಲ್ಪ ಹಾಯಾಗಿ ಅಲುಗದೆ ಒರಗಿದರೆ, ಒಳಗೆ ಯಾರೂ ಇಲ್ಲವೆಂದು ಡಬ್ಬಿ ತಿಳಿದು ಕತ್ತಲು. ಒಂದು ಕಾಲು ಎತ್ತಿ ತೋರಿಸಿದರೆ ಬೆಳಕು. ನಮ್ಮ ಮಗಳು ಅನಘಾ ಆಗ ಹತ್ತರ ಹುಡುಗಿ. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಡ್ಯಾಡ್, ಐ ಆಮ್ ನಾಟ್ ಡೆಡ್" ಎಂದು ಅವಳು ಬಚ್ಚಲಿನಿಂದ ದೀಪಕ್ಕೆ ಕೂಗಿ ಹೇಳುತ್ತಿದ್ದುದು ಬೀದಿಗೆಲ್ಲ ಕೇಳುತ್ತಿತ್ತು. ಹಾಲಿನದು ಬೇರೆಯೇ ಕಥೆ. ಪಕ್ಕದ ಮನೆಯ ಬೆಕ್ಕು ಹಿತ್ತಿಲ ಬಾಗಿಲಿನಿಂದ ಬಂದು ನಮ್ಮ ಸೋಫಾದ ಸುತ್ತ ಗಸ್ತು ತಿರುಗುತ್ತಿತ್ತು, ಅದು ಸುತ್ತಿದಷ್ಟು ಹೊತ್ತೂ ದೀಪ ಅದಕ್ಕೇ ಉರಿಯುತ್ತಿತ್ತು. ಬೆಕ್ಕಿಗೆ ಕತ್ತಲಲ್ಲೂ ಕಣ್ಣು ಕಾಣುತ್ತದೆ, ಅದಕ್ಕೇಕೆ ನನ್ನ ಕರೆಂಟು? ಏಣಿ ಹತ್ತಿ, ಸೆನ್ಸರಿನ ಕಣ್ಣಿನ ಕೆಳಗಿನ ಅರ್ಧಕ್ಕೆ ಕಪ್ಪು ಟೇಪು ಅಂಟಿಸಿದೆ. ಇನ್ನು ಸೊಂಟದ ಕೆಳಗಿನದು ಏನೂ ಅದಕ್ಕೆ ಕಾಣದು. ಸೋಫಾದ ಮೇಲೆ ಕೂತ ಮನುಷ್ಯನ ತಲೆ, ಹೆಗಲು ಕಂಡರೆ ಸಾಕಲ್ಲ. ಬೆಕ್ಕನ್ನು ಸೋಲಿಸಿದ ಸಂತೋಷದಲ್ಲಿ ಅಂದು ನಾನೇ ಚಹಾ ಮಾಡಿ ಎಲ್ಲರಿಗೂ ಕೊಟ್ಟೆ.

ಇಂಥ ಮನೆಗೆ ಅವ್ವ ಬಂದಳು. ಅಪ್ಪ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವಳು ಧಾರವಾಡದಲ್ಲಿ ಅಣ್ಣನ ಮನೆಯಲ್ಲಿ ಇರುತ್ತಿದ್ದಳು, ಒಂದು ಚಳಿಗಾಲ ನಮ್ಮಲ್ಲಿ ಇದ್ದು ಹೋಗಲೆಂದು ಕರೆಸಿಕೊಂಡಿದ್ದೆವು. ನಮ್ಮ ಕಡೆ ಸಂಜೆ ದೀಪ ಹತ್ತಿದ ಕೂಡಲೇ ಕೈ ಮುಗಿಯುತ್ತಾರೆ. ಅದು ಎಣ್ಣೆ ದೀಪವಾದರೇನು, ಬಲ್ಬಾದರೇನು, ಕರೆಂಟು ಹೋಗಿ ಬಂದರೂ ಸೈ. ಅವ್ವ ನಮ್ಮ ಮನೆಗೆ ಬಂದು, ಪ್ಯಾಸೇಜಿನಲ್ಲಿ ಮೊದಲ ಹೆಜ್ಜೆ ಇಟ್ಟಳು. ದೀಪ ಹತ್ತಿತು. ಕೈ ಮುಗಿದಳು. ಕೋಟು ಬಿಚ್ಚಿ ಹಾಲಿಗೆ ಬಂದಳು. ದೀಪ ಹತ್ತಿತು. ಕೈ ಮುಗಿದಳು. ಬಚ್ಚಲಿಗೆ ಹೋಗುವಾಗ ಒಂದು ಕೈಯಲ್ಲಿ ಟವಲು, ಇನ್ನೊಂದರಲ್ಲಿ ತಂಬಿಗೆ, ಅಲ್ಲೂ ದೀಪ ಹತ್ತಿತು. ತಂಬಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೈ ಮುಗಿದಳು. ಹೀಗೆ ಮನೆ ತುಂಬ ಓಡಾಡುತ್ತ, ಪ್ರತಿ ಹೊಸ್ತಿಲಲ್ಲೂ ನಿಂತು ಕೈ ಮುಗಿಯುತ್ತ, ವಾರದೊಳಗೆ ಅವಳ ಭುಜ ನೋಯತೊಡಗಿತು. ಇದು ಮಷೀನು ಹಚ್ಚುವ ದೀಪ, ಇದಕ್ಕೆ ಕೈ ಮುಗಿಯಬೇಕಾಗಿಲ್ಲ ಎಂದು ನಾನು ವಿಜ್ಞಾನ ಹೇಳಿದೆ. ದೀಪ ಹತ್ತಿದ ಮೇಲೆ ಹಚ್ಚಿದವರು ಯಾರು ಎಂದು ಜಾತಕ ಕೇಳುತ್ತ ಕೂಡಬೇಕೇನು ಎಂದು ಅವ್ವ ಬಾಯಿ ಮುಚ್ಚಿಸಿದಳು. ಡಿಸೆಂಬರಿನಲ್ಲಿ ಮೋಡ ಕವಿದ ದಿನ ಬಾಗಿಲ ದೀಪ ಮಧ್ಯಾಹ್ನ ಮೂರಕ್ಕೇ ಸಂಜೆಯಾಯಿತೆಂದು ಹೊತ್ತಿಕೊಂಡರೆ ಅವ್ವನೂ ಊಟದ ತಟ್ಟೆ ಬಿಟ್ಟೆದ್ದು ದೇವರ ಮುಂದೆ ದೀಪ ಹಚ್ಚಿ ಬರುತ್ತಿದ್ದಳು.

ಹಿತ್ತಿಲಿಗೂ ಒಂದು ಡಬ್ಬಿ ಹಚ್ಚಿದ್ದೆ, ಆ ದೀಪದಿಂದ ಮಾತ್ರ ಅವಳಿಗೆ ಲಾಭವಾಯಿತು. ಲಂಡನ್ನಿನ ಹಿತ್ತಿಲುಗಳಲ್ಲಿ ನರಿಗಳು ಮನೆಯ ಮಕ್ಕಳ ಹಾಗೆ ಓಡಾಡುತ್ತವೆ. ನಮ್ಮದಕ್ಕೂ ಒಂದು ಬರುತ್ತಿತ್ತು, ಬಂದೊಡನೆ ದೀಪ ಹತ್ತುತ್ತಿತ್ತು. ಅಡುಗೆಮನೆಯ ಕಿಟಕಿಯಲ್ಲಿ ಅವ್ವ, ಹೊರಗೆ ಝಗ್ಗೆಂದ ಬೆಳಕಿನಲ್ಲಿ ನರಿ. ದೀಪಕ್ಕೆಂದು ಮುಗಿದ ಕೈ ನರಿಗೂ ಸೇರಿ ಹೋಗುತ್ತಿತ್ತು. ಊರಲ್ಲಿ ಯಾರಿಗಾದರೂ ಅದೃಷ್ಟ ಖುಲಾಯಿಸಿದರೆ ನರಿ ಮುಖ ನೋಡಿ ಎದ್ದಿದ್ದೆಯಾ ಎಂದು ಕೇಳುತ್ತೇವೆ. ಇಲ್ಲಿ ಅವ್ವನಿಗೆ ದಿನವೂ ನರಿ ಮುಖವೇ. ಧಾರವಾಡಕ್ಕೆ ಫೋನು ಮಾಡಿದಾಗ ಅವಳು ರಾಣಿಯ ಅರಮನೆಯ ಸುದ್ದಿ ಎರಡು ಮಾತಿನಲ್ಲಿ ಮುಗಿಸಿ, ನರಿಯ ಸುದ್ದಿಯನ್ನು ಫೋನು ಬಿಸಿಯಾಗುವ ತನಕ ಹೇಳಿದಳು.

ಈಗ ಮಾಲತಿಯ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಬೆಕ್ಕು ನರಿ ಅಂತ ಸುತ್ತಾಡಿದ್ದು ಅದಕ್ಕೇ ಬರಲಿಕ್ಕೆ ಅಂಜಿ ಇರಬೇಕು. ಮಾಲತಿ ಧಾರವಾಡದಲ್ಲಿ ಚಿಕ್ಕಂದಿನಿಂದ ಹಿಂದೂಸ್ತಾನಿ ಸಂಗೀತ ಕಲಿತವಳು. ಬೆಳಗಿನ ಥಂಡಿಯಲ್ಲಿ ಸೈಕಲ್ ತುಳಿದುಕೊಂಡು ಗುರುಗಳ ಮನೆಗೆ ಹೋಗಿ ಷಡ್ಜ ಹಚ್ಚಿದವಳು. ನಾನು ಅವಳನ್ನು ಮದುವೆಯಾದಾಗ ಅವಳ ಜೊತೆ ಒಂದು ತಂಬೂರಿಯೂ ಬಂತು. ಲಂಡನ್ನಿಗೆ ಅದನ್ನು ತರುವಾಗ ಕೂಸಿಗಿಂತ ಜೋಪಾನವಾಗಿ ತಂದಿದ್ದೆವು. ಆದರೆ ಇಲ್ಲಿಗೆ ಬಂದ ಹೊಸತರಲ್ಲಿ, ದಕ್ಷಿಣ ಲಂಡನ್ನಿನ ಟೂಟಿಂಗಿನಲ್ಲೊಂದು ಶಾಲೆಯ ಹಾಲಿನಲ್ಲಿ ನಮ್ಮವರದೇ ದೀಪಾವಳಿ ಕೂಟ ನಡೆದಾಗ ಅವಳನ್ನು ಹಾಡಲು ಕೂಡಿಸಿದರು. ಅವಳು ಕಣ್ಣು ಮುಚ್ಚಿ ಆಲಾಪ ತೆಗೆದಿದ್ದಾಳೆ, ಯಾರೋ ಬಂದು ಅವಳ ಮುಂದಿನ ಮೈಕನ್ನೇ ಎತ್ತಿಕೊಂಡು, ಗೇಟಿಗೆ ಅಡ್ಡ ನಿಂತ ನೀಲಿ ಕಾರು ಯಾರದು, ತೆಗೆಯಬೇಕು ಎಂದು ಸಾರಿದರು. ಆಗ ನಮ್ಮವರಲ್ಲಿ ಬಹಳ ಜನರದು ನೀಲಿ ಕಾರೇ. ಅರ್ಧ ಸಭೆ ಎದ್ದು ಹೋಯಿತು. ಹೊರಗೆ ಹೋದವರಿಗೆ ಊಟದ ಕೋಣೆಯಿಂದ ಪೂರಿಯ ವಾಸನೆ ಬಂತು. ಮಾಲತಿ ಕಣ್ಣು ತೆರೆದಾಗ ಮುಂದೆ ಖಾಲಿ ಕುರ್ಚಿಗಳಿದ್ದವು. ಅವಳು ಅಳಲಿಲ್ಲ, ಬೈಯಲಿಲ್ಲ, ಎದ್ದು ಬಂದು ಪೂರಿ ಬಡಿಸಲು ನಿಂತಳು. ಅಂದಿನಿಂದ ಯಾರ ಮುಂದೆಯೂ ಹಾಡಲಿಲ್ಲ. ತಂಬೂರಿ ಮೇಲಿನ ಕೋಣೆಯಲ್ಲಿ ಹಳೇ ಸೀರೆ ಸುತ್ತಿಕೊಂಡು ಮೂಲೆ ಹಿಡಿಯಿತು.

ಅವ್ವ ಊರಿಗೆ ಮರಳುವುದು ಜನವರಿಯ ಕೊನೆಗೆ ಎಂದಾಗ, ಮಾಲತಿ ತಂಬೂರಿಯನ್ನು ಅವಳ ಜೊತೆ ಕಳಿಸುವುದಾಗಿ ಹೇಳಿದಳು. ಗುರುಗಳ ಮನೆಯಲ್ಲಿ ಕಲಿಯುವ ಹುಡುಗಿಯರಿಗಾದರೂ ಆದೀತು, ಇಲ್ಲಿ ಗೋಡೆಗೆ ಒರಗಿ ಯಾರಿಗೆ ಏನು ಮಾಡಬೇಕು ಎಂದಳು. ಹೇಳಿದ್ದು ತೀರ ಸಹಜವಾಗಿ, ಹಳೇ ಸ್ವೆಟರ್ ಕೊಟ್ಟು ಕಳಿಸುವವರ ಧಾಟಿಯಲ್ಲಿ. ಬೇಡ ಅನ್ನುವ ಬದಲು ನಾನು ರಟ್ಟಿನ ಡಬ್ಬಿ ಎಷ್ಟುದ್ದ ಬೇಕು ಎಂದು ಅಳತೆ ಮಾಡಹೋದೆ. ಅವ್ವ ಮಾತ್ರ ಸುಮ್ಮನಿರಲಿಲ್ಲ. ಸಂಕ್ರಾಂತಿಗೆ ಇಲ್ಲಿಯೇ ಎಲ್ಲರನ್ನೂ ಕರೆ, ಒಮ್ಮೆ ಹಾಡು, ಆಮೇಲೆ ತಂಬೂರಿ ಹೊತ್ತುಕೊಂಡು ಹೋಗಲು ತಾನು ಸಿದ್ಧ ಎಂದು ಪಟ್ಟು ಹಿಡಿದಳು. ಮಾಲತಿ ಬಹಳ ಹೊತ್ತು ಪಾತ್ರೆ ತಿಕ್ಕಿದಳು. ಆಮೇಲೆ ನಲ್ಲಿ ನಿಲ್ಲಿಸಿ ಹೇಳಿದಳು:

"ಬಂದ ಮಂದಿ ನಡುವ ಏಳಲಾರದ ಒಂದ ಒಂದು ರಾಗ ಪೂರ್ತಿ ಕೇಳಿದ್ರಂದ್ರ ಇಟ್ಕೋತೀನಿ, ಅತ್ಯಾರ. ಇಲ್ಲಂದ್ರ ನೀವು ಮತ್ತ ಏನೂ ಅನಬಾರದು, ತಗೊಂಡು ಹೋಗಬೇಕು."

ಅವ್ವ ಒಪ್ಪಿದಳು. ನಮ್ಮ ಜನ ಒಂದು ರಾಗ ಪೂರ್ತಿ ಕೂಡುತ್ತಾರೆಂಬ ಭರವಸೆ ನನಗೆ ಎಳ್ಳಷ್ಟೂ ಇರಲಿಲ್ಲ. ಅಡುಗೆಮನೆಯ ಬಾಗಿಲು ಭದ್ರವಾಗಿ ಮುಚ್ಚಬೇಕು, ಹೋಳಿಗೆಯ ವಾಸನೆ ಹೊರಗೆ ಬರಬಾರದು, ಬಂದವರ ಕಾರುಗಳನ್ನು ಎರಡು ಬೀದಿ ಆಚೆಯೇ ನಿಲ್ಲಿಸಬೇಕು ಎಂದು ನನ್ನ ಸಿದ್ಧತೆ ನಾನು ಮಾಡಿಕೊಂಡೆ. ದೀಪದ ವಿಷಯ ತಲೆಗೇ ಬರಲಿಲ್ಲ. ನನ್ನ ದೀಪಗಳ ಬಗ್ಗೆ ನನಗೆ ಅಷ್ಟು ನಂಬಿಕೆ.

ಸಂಕ್ರಾಂತಿಯ ಆ ರವಿವಾರ ಈಸ್ಟ್ ಹ್ಯಾಮಿನ ನಮ್ಮವರ ಅಂಗಡಿಗಳಿಂದ ಎಳ್ಳು, ಶೇಂಗಾ, ಕಬ್ಬಿನ ತುಂಡು ಎಲ್ಲ ಬಂದವು. ಹಾಲಿನಲ್ಲಿ ಅಷ್ಟು ಜನ ಹಿಡಿಸಬೇಕಲ್ಲ, ಸೋಫಾಗಳನ್ನೆಲ್ಲ ಹಿತ್ತಿಲಿನ ಶೆಡ್ಡಿಗೆ ಹೊತ್ತು ಹಾಕಿ, ಗೋಡೆಯಿಂದ ಗೋಡೆಗೆ ಜಮಖಾನ ಹಾಸಿದೆವು. ಚಳಿಗೆ ದಪ್ಪ ಪರದೆ ಎಳೆದೆವು. ನಾಲ್ಕರ ಸುಮಾರಿಗೆ ಮನೆ ತುಂಬಿತು. ಡಾಕ್ಟರರ ಕುಟುಂಬಗಳು, ಹೊಸದಾಗಿ ಬಂದ ಬೆಂಗಳೂರಿನ ಕಂಪ್ಯೂಟರ್ ಹುಡುಗರು, ರೇಶ್ಮೆ ಸೀರೆಯ ಮೇಲೆ ಉಣ್ಣೆಯ ಕೋಟು ತೊಟ್ಟ ಹೆಂಗಸರು. ಕುಸುರೆಳ್ಳು ಕೊಟ್ಟು, ಕಾಲು ಮುಟ್ಟಿ, ಒಳ್ಳೆಯ ಮಾತಾಡೋಣ ಎಂದು ಹೇಳಿಕೊಂಡು ಎಲ್ಲರೂ ನೆಲದ ಮೇಲೆ ಪದ್ಮಾಸನ ಹಾಕಿದರು. ಕೂತರು, ಕೂತರು, ಎಲ್ಲರೂ ಕೂತು ಮುಗಿದ ಸ್ವಲ್ಪ ಹೊತ್ತಿಗೆ ದೀಪ ಹೋಯಿತು.

ನೋಡಿದಿರಾ ಎಲ್ಲಿ ತಪ್ಪಿತು! ಸೋಫಾದ ಲೆಕ್ಕದಲ್ಲಿ ಟೇಪು ಅಂಟಿಸಿದವನು, ನಮ್ಮ ಜನ ಹಬ್ಬದ ದಿನ ನೆಲಕ್ಕೆ ಕೂಡುತ್ತಾರೆ ಎಂಬುದನ್ನೇ ಮರೆತಿದ್ದೆ. ಎಂಥೆಂಥ ಡಿಗ್ರಿಗಳನ್ನು ಹೆಸರಿನ ಮುಂದೆ ಹಚ್ಚಿಕೊಂಡ ವೈದ್ಯರೆಲ್ಲ ನನ್ನ ಯಂತ್ರದ ಪಾಲಿಗೆ ಬೆಕ್ಕುಗಳಾಗಿಬಿಟ್ಟಿದ್ದರು. ಸ್ವಿಚ್ಚು ಹಾಕೋಣವೆಂದರೆ ಸ್ವಿಚ್ಚೇ ಇಲ್ಲ, ನಾನೇ ಕಿತ್ತಿದ್ದೇನೆ. ಟೇಪು ತೆಗೆಯಲು ಏಣಿ ಬೇಕು, ಏಣಿ ಶೆಡ್ಡಿನಲ್ಲಿ ಸೋಫಾಗಳ ಹಿಂದೆ. ಬೇರೆ ದಾರಿ ಕಾಣದೆ ಕತ್ತಲಲ್ಲೇ ನಿಂತು, ಮಹನೀಯರೇ, ದೀಪ ಹೋದರೆ ಯಾರಾದರೂ ಒಬ್ಬರು ಕೈ ಎತ್ತಿ ಆಡಿಸಬೇಕು ಎಂದು ವಿನಂತಿಸಿಕೊಂಡೆ. ಒಬ್ಬರೇಕೆ, ಎಲ್ಲರೂ ಎತ್ತಿದರು. ಬೆಳಕು ಬಂತು. ಮಕ್ಕಳಿಗೆ ಇದಕ್ಕಿಂತ ಮಜದ ಆಟ ಬೇರಿಲ್ಲ, ದೊಡ್ಡವರಿಗೂ ಹಾಗೇ ಅನ್ನಿಸಿತು. ದೀಪ ಹೋಗುವುದನ್ನೇ ಕಾಯುತ್ತ, ಹೋದೊಡನೆ ಹೋ ಎಂದು ಕೈ ಎತ್ತತೊಡಗಿದರು. ಕರೆಂಟು ಹೋಗಿ ಬಂದಾಗ ನಮ್ಮೂರ ಓಣಿಯೆಲ್ಲ ಕೂಗುತ್ತಿತ್ತಲ್ಲ, ಅದೇ ಕೂಗು.

ಮೊದಲು ಮಾತು ಶುರು ಮಾಡಿದವರು ಮೂರ್ತಿಯವರು. ಮೈಸೂರಿನವರು, ಮೂಳೆ ವೈದ್ಯರು, ನಮ್ಮ ಕನ್ನಡ ಕೂಟಕ್ಕೆ ಬಹುಕಾಲದ ಅಧ್ಯಕ್ಷರು. ಊರಿನವರ ಮೊಣಕಾಲೆಲ್ಲ ರಿಪೇರಿ ಮಾಡುವವರಿಗೆ ತಮ್ಮ ಮೊಣಕಾಲು ಮಡಚಲು ಆಗದು, ಹಾಗಾಗಿ ಅವರಿಗೊಂದು ಕುರ್ಚಿ ಹಾಕಿದ್ದೆ, ಹಾಕಿದ್ದು ಸರಿಯಾಗಿ ಸೆನ್ಸರಿನ ಕೆಳಗೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಸುಳ್ಳಲ್ಲ, ಸೆನ್ಸರಿಗೆ ತನ್ನ ಬುಡ ಕಾಣಿಸದು. ಅವರು ತಡವಾಗಿ ಬಂದವರಾದ್ದರಿಂದ ನನ್ನ ವಿನಂತಿಯನ್ನೂ ಕೇಳಿರಲಿಲ್ಲ. ಮುಂದಿನ ವರ್ಷಕ್ಕೂ ತಾವೇ ಅಧ್ಯಕ್ಷರಾಗಿ ಮುಂದುವರಿಯಲು ಸದಸ್ಯರ ಒತ್ತಾಯವಿದೆಯೆಂದು ಒಂದೇ ಉಸಿರಿನಲ್ಲಿ ವಿವರಿಸಿ, ಯಾರಿಗಾದರೂ ಆಕ್ಷೇಪಣೆ ಇದ್ದರೆ ದಯವಿಟ್ಟು ಕೈ ಎತ್ತಬೇಕು ಎಂದರು. ದೀಪ ಹೋಯಿತು. ಹೋ ಎಂದು ಸಭೆಯೆಲ್ಲ ಕೈ ಎತ್ತಿತು. ಬೆಳಕು ಬಂದಾಗ ಮೂರ್ತಿಯವರ ಮುಂದೆ ಅವರ ಹೆಂಡತಿಯೂ ಸೇರಿ ಎಲ್ಲರ ಎರಡೆರಡು ಕೈಗಳಿದ್ದವು. ಅವರು, ಸರಿ, ಹೊಸಬರಿಗೂ ಅವಕಾಶ ಆಗಬೇಕಾದ್ದೇ ಎಂದು ಕೂಸಿನಂತೆ ಮುಖ ಮಾಡಿದರು. ಅವರಿಗೆ ಸತ್ಯ ತಿಳಿಸಿ ಮತ್ತೆ ಅಧ್ಯಕ್ಷರನ್ನಾಗಿ ಕೂಡಿಸುವಷ್ಟರಲ್ಲಿ ನಕ್ಕು ನಕ್ಕು ಎಲ್ಲರ ಹೊಟ್ಟೆ ಹಿಡಿದಿತ್ತು.

ನಗುತ್ತಲೇ ನಾನು ಮಾಲತಿಯ ಕಡೆ ನೋಡಿದೆ. ಅವಳೂ ನಗುತ್ತಿದ್ದಳು, ಆದರೆ ಆಗಲೇ ಶ್ರುತಿಗೆ ಬಂದಿದ್ದ ತಂತಿಯನ್ನು ಮತ್ತೆ ಮತ್ತೆ ಬಿಗಿಯುತ್ತಿದ್ದಳು. ಇಷ್ಟು ಮಜದಲ್ಲಿರುವ ಜನ ಇನ್ನು ರಾಗ ಕೇಳುತ್ತಾರೆಯೇ? ನನ್ನ ಉಳಿತಾಯದ ಡಬ್ಬಿಯೇ ನೀಲಿ ಕಾರಿನ ಕೆಲಸ ಮಾಡುತ್ತದೆ ಎಂದು ನನಗೆ ಖಾತ್ರಿಯಾಯಿತು. ಮೂರ್ತಿಯವರು ಎದ್ದು ಪಕ್ಕಕ್ಕೆ ಸರಿದರು. ಮಾಲತಿ ಸೆನ್ಸರಿದ್ದ ಗೋಡೆಗೇ ಬೆನ್ನು ಹಾಕಿ ಕೂತು, ತಂಬೂರಿ ಮೀಟಿ, ಕಣ್ಣು ಮುಚ್ಚಿದಳು.

ಹೊತ್ತು ಮುಳುಗುವಾಗಿನ ರಾಗ, ಪೂರಿಯಾ ಧನಾಶ್ರೀ. ಮೊದಲ ಸ್ವರಕ್ಕೆ ಅವಳ ಧ್ವನಿ ಒಡೆಯಿತು. ಹಿಂದೆ ಯಾರೋ ಕುಸುರೆಳ್ಳು ಕಟುಂ ಅನ್ನಿಸಿದರು. ದೀಪ ಹೋಗದಿರಲೆಂದು ಕಂಪ್ಯೂಟರ್ ಹುಡುಗನೊಬ್ಬ ವಾಹ್ ಎಂದು ಕೈ ಎತ್ತಿದ, ಅದನ್ನು ನೋಡಿ ಮತ್ತೊಬ್ಬ ವಾಹ್ ಎಂದ. ಪಾಪ, ಮರ್ಯಾದೆಯ ಹುಡುಗರು, ಕರೆಂಟಿನ ಕೆಲಸವನ್ನೂ ರಸಿಕರ ಕೆಲಸವನ್ನೂ ಒಂದೇ ಕೈಯಲ್ಲಿ ಮಾಡುತ್ತಿದ್ದರು. ಮಾಲತಿ ಎರಡನೆಯ ಸಲ ಅದೇ ಸ್ವರಕ್ಕೆ ಬಂದಳು. ಈ ಸಲ ಒಡೆಯಲಿಲ್ಲ. ಅಲ್ಲೇ ನಿಂತಳು, ಸ್ವಲ್ಪ ಸುಧಾರಿಸಿಕೊಂಡು ಕೆಳಗೆ ಹೋದಳು, ಅಲ್ಲಿಂದ ಮೆಲ್ಲಗೆ ಮೇಲೆ ಹತ್ತತೊಡಗಿದಳು. ಅವಳ ಧ್ವನಿ ಹೀಗಿದೆಯೆಂಬುದೇ ನನಗೆ ಮರೆತುಹೋಗಿತ್ತು. ಯಾವಾಗ ವಾಹ್‌ಗಳು ನಿಂತವೋ ಗೊತ್ತಾಗಲಿಲ್ಲ. ದೀಪ ಹೋಯಿತು.

ಯಾರೂ ಹೋ ಎನ್ನಲಿಲ್ಲ. ಮಕ್ಕಳೂ ಅನ್ನಲಿಲ್ಲ. ದಪ್ಪ ಪರದೆಯ ಕತ್ತಲಲ್ಲಿ ಏನೂ ಕಾಣದು, ಹಾಡು ಮಾತ್ರ ನಡೆದಿತ್ತು. ಚಾಳಿಯಂತೆ ನಾನು ಕೈ ಎತ್ತಹೋದೆ. ಪಕ್ಕದಲ್ಲಿ ಕೂತಿದ್ದ ಅವ್ವ ನನ್ನ ತೋಳು ಹಿಡಿದು ಕೆಳಗೆಳೆದಳು. "ಸುಮ್ನ ಕೂಡು," ಎಂದಳು, ಕಿವಿಯಲ್ಲಿ.

ಸುಮ್ಮನೆ ಕೂತೆ. ಆಮೇಲೆ ಒಂದು ಹೆದರಿಕೆ ಹೊಕ್ಕಿತು. ಕೈ ಎತ್ತುವವರು ಒಬ್ಬರೂ ಇಲ್ಲವೆಂದರೆ ಎಲ್ಲರೂ ನಿದ್ದೆ ಹೋಗಿರಬಹುದೇ? ತಮ್ಮ ಮನೆಯಲ್ಲಿ ಹಬ್ಬದ ಊಟ ಹೊಡೆದು ಬಂದವರಿಗೆ ಕತ್ತಲಾದರೆ ಇನ್ನೇನಾಗುತ್ತದೆ. ನಿದ್ದೆ ನನ್ನ ಕಸುಬು. ಕಣ್ಣು ಮುಚ್ಚಿ ಆ ಕೋಣೆಯ ಉಸಿರನ್ನು ಕೇಳಿದೆ, ಆಪರೇಶನ್ ಟೇಬಲ್ಲಿನ ತಲೆದಿಕ್ಕಿಗೆ ಕೂತು ಕೇಳುವ ಹಾಗೆ. ನಿದ್ದೆಯ ಉಸಿರು ಭಾರ, ಒಂದೇ ಸಮ, ಅದರ ಗುರುತು ನನಗೆ ತಪ್ಪುವುದಿಲ್ಲ. ಇದು ಅದಲ್ಲ. ಅವಳು ಮೇಲಿನ ಷಡ್ಜಕ್ಕೆ ಏರುವಾಗ ಕೋಣೆಯಲ್ಲಿ ಉಸಿರೇ ಇರುತ್ತಿರಲಿಲ್ಲ, ಅವಳು ಮುಟ್ಟಿ ಇಳಿದ ಮೇಲೆ ಎಲ್ಲರೂ ಒಟ್ಟಿಗೆ ಬಿಡುತ್ತಿದ್ದರು. ಎಲ್ಲರೂ ಎಚ್ಚರವಾಗಿದ್ದರು. ನನಗೆ ಆದ ಸಂತೋಷಕ್ಕೆ ಆ ಕತ್ತಲಲ್ಲಿ ಕೂತು ಹಲ್ಲು ಕಿರಿದೆ, ಕಣ್ಣೀರೂ ಬಂತು, ಯಾರಿಗೂ ಕಾಣುತ್ತಿರಲಿಲ್ಲವಾದ್ದರಿಂದ ಎರಡನ್ನೂ ಧಾರಾಳವಾಗಿ ಮಾಡಿದೆ.

ರಾಗ ಮುಗಿಯಿತು. ತಂಬೂರಿಯ ಕೊನೆಯ ನಾದ ನಿಧಾನ ಇಳಿದು ಹೋಯಿತು. ಯಾರೂ ಅಲುಗಲಿಲ್ಲ, ಚಪ್ಪಾಳೆಯಿಲ್ಲ, ಸದ್ದಿಲ್ಲ. ಇಷ್ಟು ಹೊತ್ತೂ ಕಣ್ಣು ಮುಚ್ಚಿದ್ದ ಮಾಲತಿ ಆಗ ಕಣ್ಣು ತೆರೆದಿರಬೇಕು. ತೆರೆದರೆ ಎದುರಿಗೆ ಗವ್ವೆನ್ನುವ ಕತ್ತಲು. ನನ್ನ ಯಂತ್ರದ ನಿಯಮ ಅವಳಿಗೂ ಗೊತ್ತು, ಮನುಷ್ಯರು ಎದ್ದು ಹೋದ ಮೇಲೆ ದೀಪ ಆರುತ್ತದೆ. ಅವಳ ಧ್ವನಿ ಬಹಳ ಸಣ್ಣಗೆ ಬಂತು:

"ಯಾರರ ಅದೀರೇನು?"

ಬಟ್ಟೆ ಸರಬರ ಸದ್ದಾಯಿತು, ಬಳೆಗಳು ಜಾರಿದವು. ಝಗ್ಗೆಂದು ದೀಪ ಹೊತ್ತಿತು. ಬಂದವರು ಒಬ್ಬರೂ ಬಿಡದೆ, ಕೂತ ಜಾಗ ಬಿಟ್ಟು ಕದಲದೆ ಕೈ ಎತ್ತಿಕೊಂಡಿದ್ದರು. ಮೂರ್ತಿಯವರು ಎತ್ತಿದ್ದರು, ಮಕ್ಕಳು ಎತ್ತಿದ್ದರು, ಅವ್ವ ನೋಯುವ ಭುಜವನ್ನೂ ಎತ್ತಿದ್ದಳು. ಮಾಲತಿ ಈ ಗೋಡೆಯಿಂದ ಆ ಗೋಡೆಯ ತನಕ ಒಬ್ಬೊಬ್ಬರನ್ನೇ ನೋಡುತ್ತ ಹೋದಳು. ಅವಳ ಮುಖ ನಗುವುದೋ ಅಳುವುದೋ ತಿಳಿಯದೆ ಒದ್ದಾಡಿತು. ಕೊನೆಗೆ ಅವ್ವನ ಮೇಲೆ ಕಣ್ಣು ನಿಲ್ಲಿಸಿದಳು.

"ಅತ್ಯಾರ, ನಿಮ್ಮ ಸಾಮಾನು ಹಗುರಾತು ನೋಡ್ರಿ," ಎಂದಳು. ಎಂದವಳು ಯಾರೂ ಕೇಳುವ ಮೊದಲೇ ತಂಬೂರಿಯನ್ನು ಹೆಗಲಿಗೆ ಆನಿಸಿಕೊಂಡು ಇನ್ನೊಂದು ರಾಗಕ್ಕೆ ಶ್ರುತಿ ಹಿಡಿದಳು.